ಬಸ್‌ಬಾರ್

ನಮ್ಮೂರ ಹತ್ತಿರ ಬಸ್‌ಬಾರ್ ಬರುತ್ತದೆ ಎಂದು
ಪಂಚಾಯ್ತಿ ಕಟ್ಟೆಯಲ್ಲಿ ಇಂಜಿನಿಯರು ಹೇಳಿದಾಗ
ಮಂದಿಗೆ ಕೇಳಿದ್ದು ಮೊದಲರ್ಧ ಮಾತ್ರ.
“ಎಷ್ಟೊತ್ತಿಗೆ ಬರ್ತೈತ್ರೀ? ಕುಕನೂರಿಗೋ, ಯಲಬುರ್ಗಾಕೋ?
ಹುಡುಗರ ಪಾಸು ನಡಿತೈತೇನು?”
ಅಮ್ಮ ಕೇಳಿದಳು, ಹೈಸ್ಕೂಲಿಗೆ ನಾಕು ಮೈಲು ನಡೆಯುವ
ನನ್ನ ಪರವಾಗಿ.
ಇಂಜಿನಿಯರು ನಕ್ಕ. ಆಮೇಲೆ ನನ್ನ ಚಪ್ಪಲಿ ನೋಡಿ
ನಗು ನಿಲ್ಲಿಸಿದ.

ಅದಕ್ಕೂ ಮೊದಲು ಮೂರು ಕಂಪನಿ, ಮೂರು ಜೀಪು.
ಗುಡ್ಡದ ಮೇಲೆ ಫ್ಯಾನು ನೆಟ್ಟವರು ಇಬ್ಬರು,
ಕೆಳಗೆ ಮಸಾರಿಯಲ್ಲಿ ಗಾಜು ಹಾಸಿ
ಬಿಸಿಲು ಹಿಡಿಯುವವರು ಒಬ್ಬರು.
ಮೂವರಿಗೂ ತಮ್ಮದೇ ತಂತಿ ಬೇಕು.
ಮೂವರ ನಕಾಶೆಯಲ್ಲೂ ಗೆರೆ ಹಾಯ್ದದ್ದು
ದ್ಯಾಮವ್ವನ ನಾಕೂವರೆ ಎಕರೆ ಎರಿಹೊಲದ ಮೇಲೆ.
ಕೆಂಪು ಗೂಟ, ಹಳದಿ ಗೂಟ, ಸುಣ್ಣ ಬಳಿದದ್ದೊಂದು
ಕಡಲೆ ಸಾಲಿನ ನಡುವೆ.
ಅವಳು ಬೆರಳು ಮಡಿಸಿ ಎಣಿಸಿದಳು, ಟವರಲ್ಲ, ಕಾಲು:
“ನಾಕು ಕಾಲಿಂದಾದ್ರ ಒಂದು ಎತ್ತು ಅಂತ ಕಟ್ಕೊಂತೀನಿ.
ಹನ್ನೆರಡು ಕಾಲಿಂದು ಇದ್ಯಾವ ದನ?”

ಹಗ್ಗ ಹೊಸೆಯುವ ಗಾಳೆಪ್ಪನ ಕೈಗೆ ಯಾರೋ
ಗೇಣುದ್ದ ತಂತಿಯ ತುಂಡು ಕೊಟ್ಟಿದ್ದರು.
ಕಣ್ಣು ಮಂದ. ಹೆಬ್ಬೆರಳಲ್ಲಿ ಓದಿದ:
ಸುತ್ತಿನ ಮೇಲೆ ಸುತ್ತು ಬೆಳ್ಳನೆಯ ಎಳೆ,
ಮೇಲಿನದು ಬಲಕ್ಕೆ, ಅದರೊಳಗಿನದು ಎಡಕ್ಕೆ,
ನಟ್ಟನಡುವೆ ಉಕ್ಕು, ಏಳು.
“ಹೊರಗಿನವು ಹೊರ್ತಾವು, ಒಳಗಿಂದು ತಾಳ್ತೈತಿ.
ಇದು ನಂದ ಕಸುಬು ಬಿಡ್ರಿ.
ಪುಂಡಿನಾರಿನ ಮೂರು ಎಳಿ
ಬ್ಯಾರೆ ಬ್ಯಾರೆ ಬಾವಿಗಿ ಇಳಿಬಿಟ್ರ
ಒಂದಕ್ಕೂ ಕೊಡ ಏಳಂಗಿಲ್ಲ.”

ಈ ಮಾತಿನಿಂದ ಆಯಿತು ಎನ್ನಲಾರೆ.
ಎರಡು ವರ್ಷ ಹಿಡಿಯಿತು.
ಯಾರ ಪಾಲೆಷ್ಟು, ಗಾಳಿ ಬಿದ್ದ ದಿನ ಬಾಡಿಗೆ ಯಾರದು,
ಮೊದಲು ಕಟ್ಟಿದವ ಆಮೇಲೆ ಬಂದವನಿಗೆ
ಜಾಗ ಬಿಡಬೇಕೋ ಬೇಡವೋ.
ಕೊನೆಗೊಂದು ಸಂಜೆ ಮೂರು ಜೀಪೂ
ರಾಜೇಸಾಬನ ಚಹಾದಂಗಡಿ ಮುಂದೆ ನಿಂತದ್ದು ಕಂಡು
ಊರಿಗೆ ಊರೇ ಊಹಿಸಿತು.

ಸ್ಟೇಷನ್ನಿಗೆ ಬೇಲಿ ಬಿತ್ತು.
ಬೀರಪ್ಪನ ಕುರಿಗಳಿಗೆ ಹಳ್ಳ ಈಗ
ಅರ್ಧ ತಾಸು ದೂರ. ಇದನ್ನೂ ಬರೆದಿಡಬೇಕು,
ನನ್ನ ಲಾಗ್‌ಬುಕ್ಕಿನಲ್ಲಿ ಇದಕ್ಕೆ ಅಂಕಣವಿಲ್ಲ.

ನನ್ನದು ರಾತ್ರಿ ಪಾಳಿ.
ಆರೂವರೆಗೆ ಬಿಸಿಲಿನ ಮುಳ್ಳು ಸೊನ್ನೆಗೆ ಒರಗುತ್ತದೆ.
ಒಂಬತ್ತರ ಮೇಲೆ, ಆಷಾಢವಾದರೆ ಇನ್ನೂ ಬೇಗ,
ಗುಡ್ಡದ ಕಡೆಯ ಎರಡು ಮುಳ್ಳು ಏಳುತ್ತವೆ,
ಒಂದರ ಹಿಂದೊಂದು, ಜಗಳವಾಡಿದ ಓರಗಿತ್ತಿಯರು
ಒಂದೇ ಬೀಸುವ ಕಲ್ಲಿಗೆ ಕೂತ ಹಾಗೆ.
ಹೊರಗೆ ಅಂಗಳದಲ್ಲಿ ಬಸ್‌ಬಾರ್,
ತೋಳಿನ ದಪ್ಪದ ಕೊಳವೆ, ಗುಂಯ್ ಎನ್ನುತ್ತದೆ.
ಅದಕ್ಕೆ ಬಂದು ಸೇರುವವರೆಗೆ ಮೀಟರಿಗೆ ಗೊತ್ತು
ಯಾರ ಗಾಳಿ, ಯಾರ ಬಿಸಿಲು ಎಂದು.
ಸೇರಿದ ಮೇಲೆ ಕೇಳಬೇಡಿ,
ತುಂಗಭದ್ರೆಯ ನಡುವೆ ನಿಂತು
ತುಂಗೆಯದು ಯಾವ ಬೊಗಸೆ ಎಂದ ಹಾಗಾಗುತ್ತದೆ.

ಎರಡು ಗಂಟೆಗೆ ಫೋನು. ದ್ಯಾಮವ್ವ.
“ಯವ್ವಾ, ನಿನ್ನ ಕರೆಂಟು ನನ್ನ ತಲಿಮ್ಯಾಲೇ ಹೊಂಟೈತಿ,
ಕಡ್ಲಿ ಬಾಡಾಕತ್ತೈತಿ, ಪಂಪು ಯಾವಾಗ ತಿರಗ್ತೈತಿ?”
ಅದು ಬೇರೆ ಆಫೀಸು, ದ್ಯಾಮವ್ವಾ,
ಬೇರೆ ತಂತಿ, ಬೇರೆ ಸಾಹೇಬರು.
ನನ್ನ ಬೋರ್ಡಿನಲ್ಲಿ ಆ ಸ್ವಿಚ್ಚೇ ಇಲ್ಲ.
ಅವಳು ಫೋನು ಇಡುವುದಿಲ್ಲ.
ಇಬ್ಬರೂ ಸ್ವಲ್ಪ ಹೊತ್ತು
ಆ ಗುಂಯ್ ಕೇಳುತ್ತ ಕೂತಿರುತ್ತೇವೆ,
ಅವಳು ಟವರಿನ ಬುಡದಲ್ಲಿ,
ನಾನು ಕಿಟಕಿಯ ಬಳಿ.

ಟ್ರಾನ್ಸ್‌ಫಾರ್ಮರ್ ತರಲೆಂದು
ಹಳ್ಳದ ಸೇತುವೆ ಬಿಗಿ ಮಾಡಿದರು, ರಸ್ತೆ ಅಗಲಿಸಿದರು.
ತೊಂಬತ್ತಾರು ಗಾಲಿಯ ಗಾಡಿ ತೆವಳಿ ಬಂದ ಆ ದಾರಿಯಲ್ಲಿ
ಆರು ಗಾಲಿಯದೊಂದು ಬರಲು ಏನು ಅಡ್ಡಿ ಎಂದು
ಡಿಪೋಕ್ಕೆ ಅರ್ಜಿ ಕೊಟ್ಟಿದ್ದೇನೆ, ಮೂರನೆಯದು.

ಪಾಳಿ ಮುಗಿಸಿ ಮನೆಗೆ ಬಂದರೆ
ಒಲೆಯ ಮುಂದಿನಿಂದ ತಲೆ ಎತ್ತದೆ
ಅಮ್ಮ ದಿನಾ ಅದನ್ನೇ ಕೇಳುತ್ತಾಳೆ:
“ಬಸ್ ಬಂತೇನ?”

“ಬಂದಿತ್ತಮ್ಮಾ. ತುಂಬಿ ಹೋತು.
ನಿಂದ್ರಾಕೂ ಜಾಗ ಇರಲಿಲ್ಲ.”